ನೆರಳಿನ ಕೆಲಸ

ಹೆಣ್ಣು ಕೊಡುವ ಮನೆಯವರು ವರನ ಉದ್ಯೋಗವನ್ನು ವಿಚಾರಿಸುವ ಸಂದರ್ಭದಲ್ಲಿ, ಸಂಬಳವೆಷ್ಟೆಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯದೆ ಹೋದಾಗ, ಮಧ್ಯಸ್ಥರಾದ ಹಿರಿಯರು ಗಂಟಲು ಸರಿಪಡಿಸಿಕೊಂಡು, “ಏನೇ ಆಗಲಿ, ನೆರಳಿನ ಕೆಲಸ” ಎಂದು ಹೇಳುವುದುಂಟು. ವಿಶ್ವವಿದ್ಯಾನಿಲಯವೊಂದರ ಗ್ರಂಥಾಲಯದಲ್ಲಿ ನನಗೆ ಸಹಾಯಕನ ಹುದ್ದೆ ದೊರೆತಾಗ ನನ್ನ ಸೋದರಮಾವನವರೂ ಈ ಮಾತನ್ನೇ ಆಡಿ, ಬಿಸಿಲಿಲ್ಲ, ಮಳೆಯಿಲ್ಲ, ಮೇಲಧಿಕಾರಿಯೊಬ್ಬನನ್ನು ಬಿಟ್ಟರೆ ಬೇರಾವ ಅಪಾಯವೂ ಇಲ್ಲವೆಂದು ನಂಬಿಸಿ ಸಂಬಂಧವನ್ನು ಕುದುರಿಸಿಬಿಟ್ಟರು. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ, ಗ್ರಂಥಾಲಯ ಸಿಬ್ಬಂದಿಯ ಆರೋಗ್ಯ, ಸುರಕ್ಷತೆ ಹಾಗೂ ಭದ್ರತೆಯ ಕಾರ್ಯವಿಧಾನವೆಂಬ ಸುದೀರ್ಘ ಶೀರ್ಷಿಕೆಯ ಸುತ್ತೋಲೆಯೊಂದು ಕುಲಸಚಿವರ ಕಾರ್ಯಾಲಯದಿಂದ ಬಂದು, ನಮ್ಮ ಉದ್ಯೋಗದಲ್ಲಿ ಅಡಗಿದ್ದ ಗಂಡಾಂತರಗಳನ್ನು ಪುಟಪುಟವಾಗಿ ವರ್ಣಿಸಿದಾಗ, ಅದು ಹೆಂಡತಿಯ ತವರಿನವರ ಕಣ್ಣಿಗೆ ಬೀಳಬಾರದೆಂಬ ಒಂದೇ ಕಾರಣದಿಂದ ಅದನ್ನು ಕಚೇರಿಯಲ್ಲಿಯೇ ಬಿಟ್ಟುಬಂದೆನು.

ಗಂಡಾಂತರಗಳು ಸುತ್ತೋಲೆಗಿಂತ ಹಳೆಯವು. ಬಸ್ರಾ ನಗರದ ಅಲ್ ಜಾಹಿಜ್ ಎಂಬ ಅರಬ್ಬೀ ಪಂಡಿತನು 9ನೆಯ ಶತಮಾನದಲ್ಲಿ, ತೊಂಬತ್ತು ದಾಟಿದ ವೃದ್ಧಾಪ್ಯದಲ್ಲಿ, ತನ್ನದೇ ಪುಸ್ತಕಗಳ ರಾಶಿಯು ಮೈಮೇಲೆ ಉರುಳಿ ಪ್ರಾಣಬಿಟ್ಟನೆಂಬ ಐತಿಹ್ಯವಿದೆ. ವಿದ್ವಾಂಸನಿಗೆ ಇದಕ್ಕಿಂತ ಶ್ಲಾಘ್ಯವಾದ ಮರಣವಿಲ್ಲವೆಂದು ಸಭೆಗಳಲ್ಲಿ ಉದ್ಗರಿಸುವವರು, ವೃತ್ತಪತ್ರಿಕೆಗಳ ಬೈಂಡು ಮಾಡಿದ ಸಂಪುಟವೊಂದನ್ನು ಏಳನೆಯ ಹಲಗೆಯಿಂದ ತಾವಾಗಿ ಎಂದೂ ಇಳಿಸಿದವರಲ್ಲ. ನಮ್ಮ ಓಲೆಗರಿಯ ಲಿಪಿಕಾರರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳು. ಎಣ್ಣೆ, ನೀರು, ಸಡಿಲವಾದ ಕಟ್ಟು, ಮೂರ್ಖನ ಹಸ್ತ, ಇವುಗಳಿಂದ ಗ್ರಂಥವನ್ನು ಕಾಪಾಡಬೇಕೆಂದು ಕಡೆಯ ಗರಿಯಲ್ಲಿ ಬಿನ್ನವಿಸಿಕೊಳ್ಳುತ್ತಿದ್ದ ಅವರು, ಅದರ ಜೊತೆಯಲ್ಲಿಯೇ, ಅದನ್ನು ಬರೆಯುವಷ್ಟರಲ್ಲಿ ತಮ್ಮ ಬೆನ್ನು, ಸೊಂಟ, ಕತ್ತುಗಳಿಗೆ ಒದಗಿದ ದುರವಸ್ಥೆಯನ್ನೂ ಸಂಕೋಚವಿಲ್ಲದೆ ದಾಖಲಿಸುತ್ತಿದ್ದರು. ಅನಂತರ ಬಂದ ನಿಯಮಕಾರರು ಪುಸ್ತಕದ ಅಹವಾಲನ್ನು ಸ್ವೀಕರಿಸಿ, ಮನುಷ್ಯನದನ್ನು ಕಡತಕ್ಕೆ ಸೇರಿಸಿಬಿಟ್ಟರೆಂಬುದೇ ನನ್ನ ಒಟ್ಟು ಆಕ್ಷೇಪ.

ನಮ್ಮ ಗ್ರಂಥಾಲಯಶಾಸ್ತ್ರಕ್ಕೆ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳನ್ನೇ ನೋಡಬಹುದು. ಪುಸ್ತಕಕ್ಕೆ ಅಲ್ಲಿ ಸ್ಥಾನವಿದೆ, ಓದುಗನಿಗಿದೆ, ಓದುಗನ ಕಾಲಕ್ಕೂ ಇದೆ, ಬೆಳೆಯುತ್ತಲೇ ಇರುವ ಜೀವಿಯೆಂಬ ಗೌರವ ಗ್ರಂಥಾಲಯಕ್ಕೂ ಸಂದಿದೆ, ಪುಸ್ತಕವನ್ನು ಓದುಗನ ಬಳಿಗೆ ಹೊತ್ತು ತರುವವನು ಮಾತ್ರ ಐದರಲ್ಲಿ ಯಾವುದರಲ್ಲಿಯೂ ನೇರವಾಗಿ ಕಾಣಿಸನು. ಸೂತ್ರಕಾರರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಇಪ್ಪತ್ತು ವರ್ಷಗಳ ಕಾಲ ರಜೆಯನ್ನೇ ಪಡೆಯದೆ ದಿನಕ್ಕೆ ಹದಿಮೂರು ಗಂಟೆ ದುಡಿದು, ವಿವಾಹವಾದ ದಿನದ ಮಧ್ಯಾಹ್ನವೇ ಕೆಲಸಕ್ಕೆ ಹಾಜರಾದರೆಂದು ಚರಿತ್ರಕಾರರು ಹೇಳುವ ಆ ಮಹನೀಯರಿಗೆ, ಸಿಬ್ಬಂದಿಗೂ ಒಂದು ದೇಹವಿರುವುದೆಂಬುದು ಹೊಳೆಯದೆ ಹೋದುದು ಸ್ವಾಭಾವಿಕವೇ. ನಮ್ಮಲ್ಲಿ ಐದನೆಯ ಸೂತ್ರವು ಅಕ್ಷರಶಃ ಪಾಲಿಸಲ್ಪಟ್ಟು ಪುಸ್ತಕಗಳು ಬೆಳೆದುವು. ನಿವೃತ್ತರಾದವರ ಹುದ್ದೆಗಳು ಮಾತ್ರ ಖಾಲಿಯಾಗಿಯೇ ಉಳಿದುವು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಪುಸ್ತಕಗಳು ಕಳೆದುಹೋಗುವ ಬಾಬಿನಲ್ಲಿ ಬಹಳ ಉದಾರವಾಗಿವೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಿಗೆ ಒದಗಿದ ಪ್ರತಿ 1000 ಸಂಪುಟಗಳಿಗೆ 5 ಕಳೆದುಹೋದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದ ಪಕ್ಷದಲ್ಲಿ, ಆ ನಷ್ಟವನ್ನು ಸಹಜವೆಂದು ಭಾವಿಸಬಹುದು; ಆದರೆ 1000 ರೂಪಾಯಿಗೆ ಮೀರಿದ ಬೆಲೆಯ ಪುಸ್ತಕ ಕಳೆದರೆ ತನಿಖೆ ನಡೆಯಲೇಬೇಕು. ಈ ತತ್ತ್ವದ ಆಳವು ನಮಗೆ ಮನದಟ್ಟಾದುದು, ಅಟೆಂಡರನೊಬ್ಬನು ಕುಂಟು ಸ್ಟೂಲಿನಿಂದ, ದಪ್ಪನೆಯ ನಿಘಂಟೊಂದರ ಸಮೇತ, ಕೆಳಕ್ಕೆ ಬಿದ್ದಾಗ. ನಿಘಂಟಿನ ಬೆನ್ನೂ ಅವನ ಬೆನ್ನೂ ಏಕಕಾಲದಲ್ಲಿ ಜಖಂಗೊಂಡುವು. ನಿಘಂಟು ಬೆಲೆಬಾಳುವುದಾಗಿದ್ದುದರಿಂದ ಮೂವರ ಸಮಿತಿ ಕೂಡಿತು. ಅಟೆಂಡರನಿಗೆ ಬೆಲೆಯನ್ನು ನಮೂದಿಸುವ ಅಂಕಣ ರಿಜಿಸ್ಟರಿನಲ್ಲಿ ಇಲ್ಲದುದರಿಂದ ಅವನು ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡನು.

ಆದರೂ ಸುತ್ತೋಲೆಯ ನಿಜವಾದ ರಸಸ್ಥಾನವಿದ್ದುದು ಬಾಗಿಲುಗಳ ಪ್ರಕರಣದಲ್ಲಿ. ಸುರಕ್ಷತೆಯ ಅಧ್ಯಾಯವೂ ಭದ್ರತೆಯ ಅಧ್ಯಾಯವೂ ಒಂದೇ ರಟ್ಟಿನೊಳಗೆ ಅಚ್ಚಾಗಿದ್ದುವಾದರೂ, ಅವುಗಳನ್ನು ಬರೆದ ಇಬ್ಬರು ಅಧಿಕಾರಿಗಳು ಒಬ್ಬರನ್ನೊಬ್ಬರು ಕಂಡವರಲ್ಲವೆಂಬುದು ಎರಡನೆಯ ಓದಿಗೆ ಸ್ಪಷ್ಟವಾಗುತ್ತಿತ್ತು. ಒಳಗೆ ಒಬ್ಬ ಮನುಷ್ಯನಿರುವವರೆಗೂ ಪ್ರತಿಯೊಂದು ತುರ್ತು ನಿರ್ಗಮನದ ಬಾಗಿಲೂ ಬೀಗದ ಕೈಯ ಹಂಗಿಲ್ಲದೆ ಒಳಗಿನಿಂದ ತೆರೆಯುವಂತಿರತಕ್ಕದ್ದೆಂದು ಮೊದಲನೆಯವರು. ಕಾವಲುಗಾರನು ಕುಳಿತಿರುವ ಒಂದು ಬಾಗಿಲನ್ನುಳಿದು ಮಿಕ್ಕೆಲ್ಲಕ್ಕೂ ಸದಾಕಾಲ ಬೀಗ ಹಾಕಿರತಕ್ಕದ್ದೆಂದು ಎರಡನೆಯವರು. ಎರಡನೆಯವರ ಭೀತಿಯೂ ನಿರಾಧಾರವಲ್ಲ. ಭೌತಶಾಸ್ತ್ರದ ಪುಸ್ತಕಗಳನ್ನು ಮಹಡಿಯ ಕಿಟಕಿಯಿಂದ ಕೆಳಗೆ ಕಾದಿರುವ ಮಿತ್ರನ ಕೈಗೆ ಬಿಟ್ಟು, ಗುರುತ್ವಾಕರ್ಷಣೆಯನ್ನು ಪ್ರಯೋಗಪೂರ್ವಕವಾಗಿ ದೃಢಪಡಿಸಿಕೊಳ್ಳುತ್ತಿದ್ದ ವಿದ್ಯಾರ್ಥಿಗಳ ದೆಸೆಯಿಂದಲೇ ನಮ್ಮ ಕಿಟಕಿಗಳಿಗೆ ಕಬ್ಬಿಣದ ಜಾಲರಿ ಬಂದಿತು. ಕಳ್ಳನಿಗೆ ಒದಗದ ಕಿಟಕಿಯು ಬೆಂಕಿಯ ಕಾಲದಲ್ಲಿ ನಮಗೂ ಒದಗದೆಂಬ ಸೂಕ್ಷ್ಮವನ್ನು ಟೆಂಡರಿನಲ್ಲಿ ಯಾರೂ ಬರೆದಿರಲಿಲ್ಲ.

ಕೊನೆಗೆ ಒಂದು ರಾಜಿಯಾಯಿತು. ತುರ್ತು ಬಾಗಿಲಿಗೆ ಬೀಗ ಹಾಕುವುದು, ಬೀಗದ ಕೈಯನ್ನು ಪಕ್ಕದ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು, ಗಾಜನ್ನು ಒಡೆಯಲು ಚಿಕ್ಕದೊಂದು ಸುತ್ತಿಗೆಯನ್ನು ತೂಗುಹಾಕುವುದು. ವಾರ ಕಳೆಯುವುದರೊಳಗೆ ಸುತ್ತಿಗೆಯು ಕಾಣೆಯಾಯಿತು. ಭದ್ರತೆಯ ಅಧಿಕಾರಿಗಳು ಕೆರಳಿ, ಹೊಸದಾಗಿ ಖರೀದಿಸಿದ ಸುತ್ತಿಗೆಯನ್ನು ಸ್ಟೋರ್ಸ್ ವಿಭಾಗದ ವಶದಲ್ಲಿರಿಸಿ, ಬೆಂಕಿ ಹತ್ತಿದ ಸಂದರ್ಭದಲ್ಲಿ ಇಂಡೆಂಟ್ ಸಲ್ಲಿಸಿ ಪಡೆದುಕೊಳ್ಳತಕ್ಕದ್ದೆಂದು ಆಜ್ಞೆ ಹೊರಡಿಸಿದರು. ಇಂಡೆಂಟಿಗೆ ಇಬ್ಬರ ಸಹಿ ಬೇಕಾಗಿತ್ತು.

ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ನಮಗೆ ಶಿಕ್ಷಣ ಕೊಡಲು ಬಂದರು. ಸಜ್ಜನರು, ವಿಷಯ ಬಲ್ಲವರು. ಗ್ರಂಥಾಲಯಕ್ಕೆ ಬೆಂಕಿಯೂ ಶತ್ರು, ಬೆಂಕಿಯನ್ನು ಆರಿಸುವ ನೀರೂ ಶತ್ರು ಎಂದು ಅವರು ವಿವರಿಸಿದರು. 1986ರಲ್ಲಿ ಲಾಸ್ ಏಂಜಲೀಸ್ ನಗರದ ಕೇಂದ್ರ ಗ್ರಂಥಾಲಯವು ಉರಿದಾಗ ಸುಮಾರು 4 ಲಕ್ಷ ಪುಸ್ತಕಗಳು ನಾಶವಾದುವಾದರೆ, ಹೊಗೆಯಿಂದಲೂ ನೀರಿನಿಂದಲೂ ಕೆಟ್ಟುವು 7 ಲಕ್ಷ. ನೆನೆದ ಪುಸ್ತಕಗಳಿಗೆ ಬೂಷ್ಟು ಹಿಡಿಯದಿರಲೆಂದು ಅವನ್ನು ಆಹಾರಪದಾರ್ಥಗಳ ಶೀತಲಗೃಹಗಳಲ್ಲಿ ಹೆಪ್ಪುಗಟ್ಟಿಸಿ ಇಡಬೇಕಾಯಿತು. ಇಂಗಾಲದ ಡೈ ಆಕ್ಸೈಡಿನ ಸಿಲಿಂಡರನ್ನು ಪ್ರಯೋಗಿಸುವಾಗ ಅದರ ಕೊಂಬನ್ನು ಬರಿಗೈಯಲ್ಲಿ ಹಿಡಿಯಬಾರದು, ಹಿಡಿದರೆ ಶೈತ್ಯದಿಂದ ಚರ್ಮ ಸುಡುವುದೆಂಬುದನ್ನೂ ಅವರಿಂದಲೇ ತಿಳಿದೆವು.

ತರುವಾಯ ಅಣಕು ಗಂಟೆ ಬಾರಿಸಿತು. ಸಿಬ್ಬಂದಿಯು ಸಂಜೆಯ ಐದೂವರೆಗೆ ಮಾತ್ರ ತೋರುತ್ತಿದ್ದ ಶಿಸ್ತಿನಿಂದ ಹೊರಕ್ಕೆ ಬಂದಿತು; ಓದುಗರು ಬರಲಿಲ್ಲ. ಸಂಶೋಧನ ವಿದ್ಯಾರ್ಥಿಯೊಬ್ಬನು, ಫ್ಯಾನಿನ ಕೆಳಗಿನ ಆ ಕುರ್ಚಿಯನ್ನು ಬಿಟ್ಟೆದ್ದರೆ ಪ್ರಬಂಧ ಮುಗಿಯುವವರೆಗೆ ಅದು ಮತ್ತೆ ದಕ್ಕದೆಂದು, ಬೆಂಕಿಯು ಯಾವ ಮಹಡಿಯಲ್ಲಿದೆಯೆಂಬುದನ್ನು ಮೊದಲು ತಿಳಿಸಬೇಕೆಂದನು. ಮತ್ತೊಬ್ಬನು ಆಕರಗ್ರಂಥವೊಂದನ್ನು ಎದೆಗವಚಿಕೊಂಡು ಓಡಿಬಂದಾಗ, ನಮ್ಮ ಕೌಂಟರಿನ ಗುಮಾಸ್ತರು, ಆಕರಗ್ರಂಥಗಳನ್ನು ಹೊರಗೆ ಕೊಂಡೊಯ್ಯಲು ನಿಯಮದಲ್ಲಿ ಅವಕಾಶವಿಲ್ಲವೆಂದು ಅವನನ್ನು ತಡೆದು, ಕಲ್ಪಿತವಾದ ಆ ಜ್ವಾಲೆಗಳೊಳಕ್ಕೆ ಹಿಂದಿರುಗಿಸಿದರು. ಮೈದಾನದಲ್ಲಿ ಹಾಜರಿ ಕೂಗಬೇಕಾಗಿತ್ತು. ಹಾಜರಿ ಪುಸ್ತಕವು ಒಳಗೆ ಬೀರುವಿನಲ್ಲಿತ್ತು. ಬೀರುವಿನ ಕೀಲಿಯು ರಜೆಯ ಮೇಲಿದ್ದ ಸೂಪರಿಂಟೆಂಡೆಂಟರ ಜೇಬಿನಲ್ಲಿತ್ತು.

ಆರೋಗ್ಯದ ಅಧ್ಯಾಯವು ತೆಳ್ಳಗಿತ್ತು. ಧೂಳಿಗೆ ಮುಖವಸ್ತ್ರ, ಕೈಗೆ ಗವಸು, ಭಾರ ಎತ್ತುವಾಗ ಸೊಂಟವನ್ನು ಬಗ್ಗಿಸದೆ ಮಂಡಿಯನ್ನು ಮಡಿಸತಕ್ಕದ್ದು ಎಂಬಿಷ್ಟೇ. ಡ್ಯೂಯಿಯವರ ದಶಾಂಶ ಪದ್ಧತಿಯಲ್ಲಿ 894.814 ಎಂಬ ಸಂಖ್ಯೆಯನ್ನು ಹೊತ್ತ ಕನ್ನಡ ಸಾಹಿತ್ಯವು ನಮ್ಮಲ್ಲಿ ಅತ್ಯಂತ ಕೆಳಗಿನ ಹಲಗೆಗಳಲ್ಲಿದ್ದುದರಿಂದ, ಕಾವ್ಯಾಸಕ್ತರ ಮಂಡಿಗಳಿಗೆ ಆ ವ್ಯಾಯಾಮ ಮೊದಲಿನಿಂದಲೂ ಲಭಿಸಿತ್ತು. ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವಬಾರದೆಂಬ ಮಾತು ಅದರಲ್ಲಿ ಇರಬೇಕಾಗಿತ್ತು. 19ನೆಯ ಶತಮಾನದ ಕೆಲವು ಪಚ್ಚೆಹಸಿರು ಬಟ್ಟೆಯ ರಟ್ಟುಗಳ ಬಣ್ಣದಲ್ಲಿ ಪಾಷಾಣವಿರುವುದನ್ನು ಪತ್ತೆಹಚ್ಚಿ, ವಿದೇಶದ ಗ್ರಂಥಾಲಯಗಳು ಅಂಥವನ್ನು ಈಗ ಪ್ರತ್ಯೇಕಿಸುತ್ತಿವೆ. ಆ ಕಾಲದ ಚೆಲುವಾದ ರಟ್ಟುಗಳನ್ನೆಲ್ಲ ಕಿತ್ತೆಸೆದು, ಷೇಕ್ಸ್‌ಪಿಯರನಿಗೂ ಪಶುವೈದ್ಯಕ್ಕೂ ಒಂದೇ ಕಂದು ರೆಕ್ಸಿನ್ನನ್ನು ಹೊದಿಸುತ್ತಿದ್ದ ನಮ್ಮ ಬೈಂಡರನು, ಅರಸಿಕನೆಂಬ ಅಪಕೀರ್ತಿಯನ್ನು ಹೊತ್ತು ಎಷ್ಟು ಮಂದಿಯ ಪ್ರಾಣವನ್ನು ಉಳಿಸಿದನೋ ಬಲ್ಲವರಾರು!

ಸರ್ಪಗಳ ವಿಷಯದಲ್ಲಿ ಸುತ್ತೋಲೆಯು ಮೌನ. ಮಳೆಗಾಲದ ಒಂದು ಸಂಜೆ, ದೀಪ ಹಚ್ಚಿದ ಮೇಲೆ ಅದರ ಹೆಸರೆತ್ತಬಾರದೆಂಬ ನಿಷ್ಠೆಯಿದ್ದ ವೃದ್ಧ ಅಟೆಂಡರನು ಸ್ಟ್ಯಾಕ್ ರೂಮಿನಿಂದ, “ಸ್ವಾಮೀ, ಒಳಗೆ ಹುಳ ಬಂದಿದೆ!” ಎಂದು ಕೂಗಿಕೊಂಡನು. ಸೂಚೀಕರಣದಲ್ಲಿ ಮಗ್ನರಾಗಿದ್ದ ನಮ್ಮ ಮಿತ್ರರು ತಲೆಯೆತ್ತದೆಯೇ ನುಸಿಗುಳಿಗೆಯ ಪೊಟ್ಟಣವೊಂದನ್ನು ಕಳುಹಿಸಿಕೊಟ್ಟರು. ಅದು ಬಡಪಾಯಿ ಕೇರೆ. ಗುಳಿಗೆಯ ವಾಸನೆಗೋ ನಮ್ಮ ಗದ್ದಲಕ್ಕೋ ಬೇಸತ್ತು ತಾನಾಗಿಯೇ ಹೊರಟುಹೋಯಿತು. ಅದು ಹೋದ ದಾರಿಯನ್ನು ಗುರುತಿಸಿಕೊಂಡ ಕೆಲವರು, ಇಡೀ ಕಟ್ಟಡದಲ್ಲಿ ಬೀಗವಿಲ್ಲದ ತುರ್ತು ನಿರ್ಗಮನ ಅದೊಂದೇ ಎಂದು ಅಭಿಪ್ರಾಯಪಟ್ಟರು.

ಓದುಗ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಓದಿ ಮುಗಿದ ಪುಸ್ತಕವನ್ನು ಮೇಲಿನ ಹಲಗೆಗೆ ಓರೆಯಾಗಿ ತುರುಕದೆ ಮೇಜಿನ ಮೇಲೆಯೇ ಬಿಟ್ಟುಹೋಗಿರಿ. ಗಂಟೆ ಬಾರಿಸಿದರೆ ಪುಸ್ತಕವನ್ನೂ ಕುರ್ಚಿಯನ್ನೂ ತೊರೆದು ಹೊರಗೆ ಬನ್ನಿರಿ. ಮತ್ತು ಆ ಮೊದಲನೆಯ ಸುತ್ತಿಗೆಯು ತಮ್ಮಲ್ಲಿ ಯಾರ ಬಳಿಯಲ್ಲಾದರೂ ಇದ್ದರೆ ದಯಮಾಡಿ ಕೌಂಟರಿಗೆ ತಲುಪಿಸಿರಿ, ವಿಳಂಬ ಶುಲ್ಕವನ್ನು ವಿಧಿಸಲಾಗುವುದಿಲ್ಲ.