ಭಾನುವಾರಕ್ಕೆ ವರ್ಗವಾದ ಸೋಮವಾರ

ನಂಬಿಕೆಯನ್ನು ಚರ್ಚಿನ ಗೇಟಿನಲ್ಲೇ ಬಿಟ್ಟು ಆಫೀಸಿಗೆ ಹೋಗಬೇಡಿ ಎಂದು ಅಯ್ಯನವರು ವರ್ಷಗಟ್ಟಲೆ ಪ್ರಸಂಗ ಮಾಡಿದ್ದು ವ್ಯರ್ಥವಾಗಲಿಲ್ಲ. ಬೆಂಗಳೂರಿನ ಸಭಿಕರು ಕೊನೆಗೂ ಕಿವಿಗೆ ಹಾಕಿಕೊಂಡಿದ್ದಾರೆ, ಸ್ವಲ್ಪ ತಿರುವುಮುರುವಾಗಿ. ಭಾನುವಾರವನ್ನು ಸೋಮವಾರಕ್ಕೆ ಒಯ್ಯಿರಿ ಎಂದರೆ ಇವರು ಸೋಮವಾರವನ್ನೇ ಭಾನುವಾರಕ್ಕೆ ವರ್ಗ ಮಾಡಿಸಿಕೊಂಡು ಬಂದರು.

ಮೊದಲು ‘ಪುರುಷರ ಅನ್ಯೋನ್ಯಕೂಟ’ ಅಂತ ಒಂದಿತ್ತು. ಆರಾಧನೆ ಮುಗಿದ ಮೇಲೆ ಹತ್ತು ಹದಿನೈದು ಜನ ಬೆಂಚು ಎಳೆದುಕೊಂಡು ಕೂರುತ್ತಿದ್ದರು. ಒಂದು ಕೀರ್ತನೆ, ಒಂದು ವಾಕ್ಯ, ಯಾರದೋ ಮಗಳ ಮದುವೆ, ಯಾರದೋ ಆಪರೇಷನ್ನು, ಕೊಯ್ಲಿನ ಹಬ್ಬದ ಹರಾಜಿನಲ್ಲಿ ಜೋರಾಗಿ ಕೂಗಿ ಕುಂಬಳಕಾಯಿ ಹೊತ್ತೊಯ್ದವರು ಇನ್ನೂ ದುಡ್ಡು ಕಟ್ಟಿಲ್ಲವೆಂಬ ಖಜಾಂಚಿಯ ಗೊಣಗಾಟ. ಈಗ ಅದೇ ಕೂಟಕ್ಕೆ ‘ಲೀಡರ್‌ಶಿಪ್ ಫೆಲೋಶಿಪ್’ ಎಂದು ಮರುನಾಮಕರಣವಾಗಿ, ಹೋಟೆಲಿನ ಏಸಿ ಹಾಲಿಗೆ ಸ್ಥಳಾಂತರವಾಗಿದೆ. ಕೊರಳಿಗೆ ಬ್ಯಾಡ್ಜು, ಬಾಗಿಲಲ್ಲಿ ಕ್ಯೂಆರ್ ಕೋಡು. ಪ್ರಾರ್ಥನೆಗೆ 5 ನಿಮಿಷ, ಪರಸ್ಪರ ವಿಸಿಟಿಂಗ್ ಕಾರ್ಡು ಹಂಚಲು 40. ಪ್ರಾರ್ಥನೆಯಲ್ಲೂ ಕರ್ತನ ಕೈಗೆ ಒಪ್ಪಿಸುವುದು ಈ ಕ್ವಾರ್ಟರಿನ ಟಾರ್ಗೆಟ್ಟನ್ನೇ.

ಸಾಕ್ಷಿ ಹೇಳುವ ಹೊತ್ತು ಬಂದರೆ ನೋಡಬೇಕು. ಬ್ರದರ್ ಒಬ್ಬರು ಮೈಕು ಹಿಡಿದು, ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದ್ದಕ್ಕೆ ದೇವರು ತಮಗೆ ವೈಸ್ ಪ್ರೆಸಿಡೆಂಟ್ ಕುರ್ಚಿ ದಯಪಾಲಿಸಿದ್ದನ್ನು ಗದ್ಗದಿತರಾಗಿ ವಿವರಿಸುತ್ತಾರೆ. ಎಲ್ಲರೂ ಸ್ತೋತ್ರ ಎನ್ನುತ್ತಾರೆ. ಅದೇ ಕುರ್ಚಿಗೆ ಅಷ್ಟೇ ದಿನ ಉಪವಾಸವಿದ್ದ ಇನ್ನೊಬ್ಬ ಬ್ರದರ್ ಎರಡು ಸಾಲು ಹಿಂದೆ ಕೂತು ತಾವೂ ಸ್ತೋತ್ರ ಎನ್ನುತ್ತಾರೆ, ಸ್ವಲ್ಪ ತಡವಾಗಿ. ಬಡ್ತಿಗೆ ಸಾಕ್ಷಿಯುಂಟು, ಬೋನಸ್ಸಿಗೆ ಸಾಕ್ಷಿಯುಂಟು, ವೀಸಾಕ್ಕಂತೂ ಕಣ್ಣೀರಿನ ಸಾಕ್ಷಿಯುಂಟು. ಕೆಲಸದಿಂದ ತೆಗೆಯುವವರ ಪಟ್ಟಿಗೆ ಸಹಿ ಹಾಕಿದ ಕೈ ಮಾತ್ರ ಮೈಕಿನ ಹತ್ತಿರ ಬಂದದ್ದಿಲ್ಲ. ಪಟ್ಟಿ ಮಾಡುವ ಮುಂಚೆ ತಾವು ಪ್ರಾರ್ಥಿಸಿದ್ದಾಗಿ ಒಬ್ಬರು ಊಟದ ಸಾಲಿನಲ್ಲಿ ಪಿಸುಗುಟ್ಟಿದ್ದುಂಟು. ಪಟ್ಟಿಯಲ್ಲಿದ್ದವರೂ ಪ್ರಾರ್ಥಿಸುತ್ತಿದ್ದರೇನೋ. ದೇವರಿಗೂ ಹೆಚ್‌ಆರ್ ಕೆಲಸ ಸುಲಭವಿಲ್ಲ.

ಇತ್ತೀಚಿನ ಮುಖ್ಯ ಪಾಠ ‘ಸರ್ವೆಂಟ್ ಲೀಡರ್‌ಶಿಪ್’. ನಾಯಕನಾಗಬೇಕಾದವನು ಮೊದಲು ಸೇವಕನಾಗಬೇಕು. ಇದನ್ನು ಕಲಿಸಲು ದಿನಕ್ಕೆ ಇಷ್ಟೆಂದು ಫೀಸು ಪಡೆಯುವ ಸೇವಕರು ವಿಮಾನದಲ್ಲಿ ಬರುತ್ತಾರೆ. ಈ ಹೆಸರಿಟ್ಟವರು ರಾಬರ್ಟ್ ಗ್ರೀನ್‌ಲೀಫ್, ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಆಂಡ್ ಟಿಯಲ್ಲಿ ಬಹುಕಾಲ ದುಡಿದು, ನಿವೃತ್ತಿಯಾದ ಮೇಲೆ 1970ರಲ್ಲಿ ಪ್ರಬಂಧ ಬರೆದವರು. ಈ ಹೊಳಹು ತಮಗೆ ಸಿಕ್ಕಿದ್ದು ಹರ್ಮನ್ ಹೆಸ್ಸೆಯ ಕಾದಂಬರಿಯಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಹೆಸ್ಸೆಯ ತಂದೆ ಯಾರು? ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನಲ್ಲಿ ಕೆಲಸ ಮಾಡಿದ ಪಾದ್ರಿ. ಅಂದರೆ ಸರಕು ಹೊರಟ ದಾರಿಯಲ್ಲಿ ನಮ್ಮ ಕರಾವಳಿಯೂ ಸಿಗುತ್ತದೆ. ಜರ್ಮನಿ, ಅಮೆರಿಕ ಸುತ್ತಿ ಪವರ್‌ಪಾಯಿಂಟಾಗಿ ವಾಪಸು ಬಂದದ್ದಕ್ಕೆ ನಾವು ಈಗ ಊಟ ಸೇರಿ ದುಡ್ಡು ಕಟ್ಟುತ್ತಿದ್ದೇವೆ.

ಪಾಠದ ಕೊನೆಗೆ ಪ್ರಾಕ್ಟಿಕಲ್: ಪಾದ ತೊಳೆಯುವುದು. ಯೇಸು ಶಿಷ್ಯರ ಕಾಲು ತೊಳೆದಾಗ ಅವಕ್ಕೆ ಊರೂರು ನಡೆದ ಧೂಳಿತ್ತು. ಇಲ್ಲಿ ವಾಟ್ಸಾಪ್ ಗುಂಪಿನಲ್ಲಿ ಮುಂಚೆಯೇ ಸೂಚನೆ ಹೋಗಿರುತ್ತದೆಯಾದ್ದರಿಂದ ಎಲ್ಲರೂ ಮನೆಯಲ್ಲೇ ಸೋಪು ಹಾಕಿ ತೊಳೆದು, ಹೊಸ ಸಾಕ್ಸ್ ಏರಿಸಿಕೊಂಡು ಬಂದಿರುತ್ತಾರೆ. ತೊಳೆದ ಕಾಲನ್ನೇ ತೊಳೆಯುವ ಮ್ಯಾನೇಜರು ಬೋಗುಣಿಯ ಮುಂದೆ ಮಂಡಿಯೂರಿ, ಫೋಟೊ ಸರಿಯಾಗಿ ಬರುವವರೆಗೆ ಎದುರಿನವರ ಹಿಮ್ಮಡಿ ಹಿಡಿದೇ ಇರುತ್ತಾರೆ. ಸಂಜೆಯೊಳಗೆ ಅದು ಲಿಂಕ್ಡ್‌ಇನ್‌ನಲ್ಲಿ, ‘ವಿನಮ್ರನಾದೆ’ ಎಂಬ ಒಕ್ಕಣೆಯ ಸಮೇತ. ಚೆಲ್ಲಿದ ನೀರನ್ನು ಹೋಟೆಲಿನ ಹುಡುಗ ಒರೆಸುತ್ತಾನೆ. ಅವನು ಗುತ್ತಿಗೆಯವನು, ಲೀಡರ್‌ಶಿಪ್ ಅವನ ಸ್ಕೋಪಿನಲ್ಲಿ ಬರುವುದಿಲ್ಲ.

ನಂಬಿಕೆ ಮತ್ತು ದುಡಿಮೆ ಒಂದೇ ಸೂರಿನಡಿ ಇದ್ದ ಕಾಲ ನಮ್ಮಲ್ಲೂ ಇತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಹೊಂದಿದವರನ್ನು ಮನೆಯವರು ಹೊರಗೆ ಹಾಕಿದರು, ಜಾತಿಯ ಜೊತೆಗೆ ಕಸುಬೂ ಗೇಣಿ ಭೂಮಿಯೂ ಹೋದವು. ಬರೀ ಕೀರ್ತನೆ ಹಾಡಿ ಹೊಟ್ಟೆ ತುಂಬುವುದಿಲ್ಲವೆಂದು ಅರ್ಥವಾದ ಮಿಶನ್ನು ಮಗ್ಗ ಹೂಡಿತು, ಅಚ್ಚುಕೂಟ ಇಟ್ಟಿತು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಳೆಯ ಮನೆ ಕೆಡವುವಾಗ ಆ ಇಸವಿಯ ಅಚ್ಚಿರುವ ಹಂಚು ಈಗಲೂ ಸಿಗುತ್ತದೆ. ಅಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ದೀಕ್ಷೆ ಕೊಟ್ಟವರೇ ಕೂಲಿಯನ್ನೂ ಕೊಡುವಾಗ ಕೆಲಸಕ್ಕೆ ತಡವಾಗಿ ಬಂದದ್ದೂ ಪಾಪದ ಲೆಕ್ಕಕ್ಕೆ ಸೇರುವುದು ಎಷ್ಟು ಹೊತ್ತಿನ ಮಾತು? ಆದರೂ ಆ ಪಾದ್ರಿಗಳಿಗೆ ಎದುರಾದ ಪ್ರಶ್ನೆ ಸರಳವಾಗಿತ್ತು: ಇವರ ಅನ್ನಕ್ಕೇನು ಗತಿ? ನಮ್ಮ ಫೆಲೋಶಿಪ್ಪಿನ ಪ್ರಶ್ನೆ ಇನ್ನೂ ಸರಳ: ನನ್ನ ಮುಂದಿನ ಬಡ್ತಿಗೇನು ಗತಿ?

ಈ ಪ್ರಶ್ನೆಗೆ ಉತ್ತರ ಹುಡುಕಲು ಎಲ್ಲರೂ ಓಡುವುದು ಬೈಬಲಿನ ನೆಹೆಮೀಯನ ಬಳಿಗೆ. ಪರ್ಷಿಯದ ಅರಸನಿಗೆ ದ್ರಾಕ್ಷಾರಸ ಕೊಡುತ್ತಿದ್ದವನು ಯೆರೂಸಲೇಮಿಗೆ ಬಂದು, ಬಿದ್ದ ಪೌಳಿಗೋಡೆಯನ್ನು 52 ದಿನಗಳಲ್ಲಿ ಕಟ್ಟಿಸಿದ. ದೃಷ್ಟಿಕೋನ, ಯೋಜನೆ, ತಂಡ, ಡೆಡ್‌ಲೈನ್, ಎಲ್ಲಕ್ಕೂ ಒಂದೊಂದು ಸ್ಲೈಡಿದೆ. ನಾಲ್ಕನೆಯ ಅಧ್ಯಾಯ ಮುಗಿದ ಕೂಡಲೇ ಸ್ಲೈಡು ನೇರ ಆರಕ್ಕೆ ಜಿಗಿಯುತ್ತದೆ. ನಡುವಿನ ಐದರಲ್ಲಿ ಇರುವುದಿಷ್ಟೇ: ಗೋಡೆ ಕಟ್ಟುತ್ತಿದ್ದ ಬಡವರು ಹೊಲ ಮನೆ ಒತ್ತೆಯಿಟ್ಟು, ಮಕ್ಕಳನ್ನು ಜೀತಕ್ಕೆ ಬಿಟ್ಟು ಗೋಳಾಡುತ್ತಾರೆ. ನೆಹೆಮೀಯ ಸಿಟ್ಟಿಗೆದ್ದು ದೊಡ್ಡ ಕುಳಗಳನ್ನು ಸಭೆಯ ಮುಂದೆ ನಿಲ್ಲಿಸಿ ಹೊಲವನ್ನೂ ಬಡ್ಡಿಯನ್ನೂ ವಾಪಸು ಕೊಡಿಸುತ್ತಾನೆ. ತಾನು ಅಧಿಪತಿಯಾಗಿದ್ದ 12 ವರ್ಷ ಆ ಹುದ್ದೆಗೆ ಸಲ್ಲುವ ಭತ್ಯೆಯನ್ನೇ ಮುಟ್ಟಲಿಲ್ಲ ಎನ್ನುತ್ತಾನೆ. ಅಧಿಕಾರಿಗಳ ತರಬೇತಿಗೆ ತೀರಾ ಅಪಾಯಕಾರಿ ಅಧ್ಯಾಯ, ಓದಿದರೆ ತಾವು ತೀರಿಸದ ಬಾಕಿಯೂ ನೆನಪಾದೀತು. ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ. ಯೆರೂಸಲೇಮಿನ ಇಡೀ ಗೋಡೆ ಎದ್ದು ನಿಲ್ಲುವಷ್ಟು ದಿನ ಕಳೆದರೂ ನಮ್ಮ ಬ್ರದರ್‌ಗಳ ಕಂಪನಿಯಲ್ಲಿ ಒಂದು ಕೇಟರಿಂಗ್ ಬಿಲ್ಲು ಪಾಸಾಗುವುದಿಲ್ಲ.

ಮೊನ್ನೆಯ ಕೂಟದಲ್ಲಿ ನಿವೃತ್ತ ಟೀಚರಮ್ಮ ಒಬ್ಬರು ಬೈಬಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸ್ಲೈಡಿನ ಸಂಗಡ ಪುಟ ತಿರುವುತ್ತಿದ್ದವರು ಕೈ ಎತ್ತಿದರು.

“ಬ್ರದರ್, ಐದನೇ ಅಧ್ಯಾಯ ಬಿಟ್ಟುಹೋಯಿತಲ್ಲ?”

ಸಂಪನ್ಮೂಲ ವ್ಯಕ್ತಿಗಳು ತುಂಬಾ ಪ್ರೀತಿಯಿಂದ ನಕ್ಕರು. “ಒಳ್ಳೇ ಪ್ರಶ್ನೆ ಸಿಸ್ಟರ್. ಆಫ್‌ಲೈನ್ ಮಾತಾಡೋಣ.”

“ಆಗಲಿ,” ಅಂದರು ಟೀಚರಮ್ಮ. “ಕಾಫಿ ಹೊತ್ತಿಗೆ ಬರ್ತೀನಿ. ಕೇಟರಿಂಗ್‌ನವನು ನನ್ನ ಹಳೇ ಸ್ಟೂಡೆಂಟು, ಅವನನ್ನೂ ಕರ್ಕೊಂಡು ಬರ್ತೀನಿ.”