ಹಾರುಬೂದಿ ಸಾಹೇಬರಿಗೊಂದು ಬಹಿರಂಗ ಪತ್ರ

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಬೀಡುಬಿಟ್ಟಿರುವ ಶ್ರೀಮಾನ್ ಹಾರುಬೂದಿ ಸಾಹೇಬರ ಸನ್ನಿಧಾನಕ್ಕೆ,

ತಮಗೆ ಬಡ್ತಿಯಾದ ಸುದ್ದಿ ತಿಳಿದು ಪರಮಾನಂದವಾಯಿತು. ಮೊನ್ನೆ ಮೊನ್ನೆಯವರೆಗೂ ತಾವು ತ್ಯಾಜ್ಯ, ಈಗ ಸಂಪನ್ಮೂಲ. ನಮ್ಮಲ್ಲಿ ಮನುಷ್ಯರಿಗೆ ಇಂಥ ಬಡ್ತಿ ಸಿಗಬೇಕಾದರೆ ಕನಿಷ್ಠ ಪಕ್ಷವನ್ನಾದರೂ ಬದಲಿಸಬೇಕಾಗುತ್ತದೆ. ತಾವು ಕೂತಲ್ಲಿಂದ ಅಲುಗದೆಯೇ ಗಿಟ್ಟಿಸಿಕೊಂಡಿರಿ.

1985ರಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) ಮೊದಲ ಘಟಕ ಹೊತ್ತಿಕೊಂಡಾಗಿನಿಂದ ತಮ್ಮ ವಂಶ ಕೃಷ್ಣಾ ದಂಡೆಯಲ್ಲಿ ಬೆಳೆಯುತ್ತಲೇ ಇದೆ. ಈಗ ಎಂಟು ಘಟಕ, 1,720 ಮೆಗಾವಾಟ್ ಸಾಮರ್ಥ್ಯ. ನಮ್ಮ ದೇಶದ ಕಲ್ಲಿದ್ದಲೋ, ನೂರು ಕೆ.ಜಿ. ಸುಟ್ಟರೆ ಮೂವತ್ತು ನಲವತ್ತು ಕೆ.ಜಿ. ತಾವೇ ಉಳಿಯುತ್ತೀರಿ. ಹುಟ್ಟಿದ ಕರೆಂಟು ತಂತಿ ಹಿಡಿದು ದೂರದೂರಿಗೆ ಹೊರಟುಹೋಗುತ್ತದೆ. ತವರು ಬಿಡದ ಮಕ್ಕಳೆಂದರೆ ತಾವೇ.

ತಮ್ಮ ಗುಣದ ಬಗ್ಗೆ ನನ್ನದೇನೂ ತಕರಾರಿಲ್ಲ. ಮೈತುಂಬ ಸಿಲಿಕಾ, ಅಲ್ಯುಮಿನಾ. ಸುಣ್ಣ, ನೀರು ಸೇರಿದರೆ ಕಲ್ಲಾಗುವ ಯೋಗ. ಪೋರ್ಟ್‌ಲ್ಯಾಂಡ್ ಪೊಜೊಲಾನ (ಪಿಪಿಸಿ) ಸಿಮೆಂಟಿನ ಚೀಲದಲ್ಲಿ ಶೇ. 15ರಿಂದ 35ರವರೆಗೆ ತಾವಿರಬಹುದೆಂದು ಮಾನಕವೇ ಹೇಳುತ್ತದೆ. ಅಂದರೆ ‘ಬೂದಿಯಾ, ಛೀ’ ಅಂತ ಮೂಗು ಮುರಿಯುವ ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಎಷ್ಟೋ ಕಡೆ ತಮ್ಮನ್ನೇ ಗೋಡೆಯಲ್ಲಿಟ್ಟುಕೊಂಡು ಮಲಗಿದ್ದಾರೆ. ಇಟ್ಟಿಗೆಯಾದರೆ ಇನ್ನೂ ಚೆನ್ನ: ಭಟ್ಟಿ ಬೇಡ, ಸೌದೆ ಬೇಡ, ಹೊಲದ ಮೇಲ್ಮಣ್ಣು ಕೆರೆಯುವುದೂ ಬೇಡ, ನೀರುಣಿಸಿ ಗಟ್ಟಿಮಾಡಿದರಾಯಿತು. ಇಷ್ಟು ಯೋಗ್ಯತೆ ಇರುವವರು ನಮ್ಮ ಎಷ್ಟು ನಿಗಮ ಮಂಡಳಿಗಳಲ್ಲಿದ್ದಾರೆ, ಹೇಳಿ?

ಆದರೆ ಸಾಹೇಬರೆ, ತಮ್ಮ ಮನೆಯೊಳಗೂ ಪಂಕ್ತಿಭೇದ ಇದೆಯಂತಲ್ಲ. ಚಿಮಣಿಗೆ ಹೋಗುವ ಹೊಗೆಯಲ್ಲೇ, ವಿದ್ಯುತ್ ಶೋಧಕದಲ್ಲಿ ಸಿಕ್ಕಿಬೀಳುವ ಒಣ, ನುಣುಪು ಬೂದಿಗೆ ಸೈಲೊದಲ್ಲಿ ವಾಸ, ಬಲ್ಕರ್ ಲಾರಿಯಲ್ಲಿ ಸವಾರಿ, ಸಿಮೆಂಟ್ ಕಂಪನಿಯಲ್ಲಿ ಮರ್ಯಾದೆ. ಒಲೆಯ ತಳಕ್ಕೆ ಬಿದ್ದ ದಪ್ಪ ಬೂದಿ, ಜೊತೆಗೆ ಮೇಲಿನ ಪಂಕ್ತಿಯಲ್ಲಿ ಎಲೆ ಸಿಗದೆ ಉಳಿದ ನುಣುಪು ಬೂದಿ, ಎರಡನ್ನೂ ನೀರಿನಲ್ಲಿ ಕದಡಿ, ಪೈಪಿನಲ್ಲಿ ನೂಕಿ ಹೊಂಡಕ್ಕೆ ಬಿಡುತ್ತಾರೆ. ನೆನೆದು ಬೆರಕೆಯಾದ ಮೇಲೆ ಸಿಮೆಂಟಿನವರು ತಿರುಗಿ ನೋಡುವುದಿಲ್ಲ. ಸಂಪನ್ಮೂಲ ಎಂಬ ಬಿರುದು ಮಾತ್ರ ಇಬ್ಬರಿಗೂ ಒಂದೇ. ಹೊಂಡದವರು ಬೇಸಿಗೆಯಲ್ಲಿ ಒಣಗಿ, ಗಾಳಿ ಹತ್ತಿ, ಸುತ್ತಲಿನ ಊರುಗಳಿಗೆ ತಾವಾಗಿಯೇ ‘ವಿತರಣೆ’ಯಾಗುತ್ತಾರೆ. ಇದಕ್ಕೆ ಸಾಗಣೆ ವೆಚ್ಚವೂ ಇಲ್ಲ.

ಅಂಕಿಅಂಶದಲ್ಲಂತೂ ತಮ್ಮದು ಚಕ್ರವರ್ತಿಯ ವೈಭವ. 1996–97ರಲ್ಲಿ ದೇಶದಲ್ಲಿ ಹುಟ್ಟಿದ ಬೂದಿ ಸುಮಾರು 69 ದಶಲಕ್ಷ ಟನ್, ಬಳಕೆ ಶೇ. 10ರೊಳಗೆ. 2021–22ಕ್ಕೆ ಬೂದಿ 270 ದಶಲಕ್ಷ ಟನ್, ಬಳಕೆ ಸುಮಾರು ಶೇ. 96! ಶಾಲೆಯಲ್ಲಿ ಇಷ್ಟು ಅಂಕ ಬಂದರೆ ಪೇಪರಿನಲ್ಲಿ ಫೋಟೊ ಹಾಕಿಸುತ್ತೇವೆ. ಆದರೆ ಉತ್ತರ ಪತ್ರಿಕೆಯನ್ನು ಸ್ವಲ್ಪ ತೆರೆದು ನೋಡೋಣ. ಸಿಮೆಂಟಿದೆ, ಇಟ್ಟಿಗೆಯಿದೆ, ರಸ್ತೆಯಿದೆ, ಸಂತೋಷ. ತಗ್ಗು ಜಾಗ ತುಂಬಿದ್ದೂ ಇದೆ, ಗಣಿ ಗುಂಡಿಗೆ ಸುರಿದದ್ದೂ ಇದೆ. ಎಲ್ಲಕ್ಕಿಂತ ಮುದ್ದಾದದ್ದು ಇನ್ನೊಂದು: ಬೂದಿ ಹೊಂಡದ ಕಟ್ಟೆಯನ್ನು ಬೂದಿಯಿಂದಲೇ ಎತ್ತರಿಸಿದರೆ ಅದೂ ‘ಬಳಕೆ’. ಇನ್ನಷ್ಟು ಬೂದಿ ಇಡಲು ಬೂದಿ ಬಳಸಿ, ಬಳಸಿದೆವೆಂದು ಬರೆದುಕೊಳ್ಳುವ ಈ ಲೆಕ್ಕಾಚಾರ ಹೊಳೆದವರಿಗೆ ನನ್ನದೊಂದು ಶಾಲು, ಹಾರ, ಫಲತಾಂಬೂಲ.

ಕಾನೂನು ಇಲ್ಲವೆಂದಲ್ಲ. ಬೂದಿ ಬಳಕೆಗೆಂದು 1999ರಲ್ಲೇ ಕೇಂದ್ರದ ಅಧಿಸೂಚನೆ ಬಂತು. ಆಮೇಲೆ ಅದಕ್ಕೆ ತಿದ್ದುಪಡಿಯ ಮೇಲೆ ತಿದ್ದುಪಡಿ. ಗಡುವೆಂಬುದು ಮುಂದಕ್ಕೆ ಹಾಕಲೆಂದೇ ಇರುವುದಲ್ಲವೆ. 2021ರ ಡಿಸೆಂಬರ್ 31ರ ಅಧಿಸೂಚನೆ ಮಾತ್ರ ಸ್ವಲ್ಪ ಗದರಿತು: ಪೂರ್ತಿ ಬಳಸಿ, ಬಳಸದೆ ಉಳಿದರೆ ಟನ್ನಿಗೆ ಸಾವಿರ ರೂಪಾಯಿ ಕಕ್ಕಿ. ಹಳೆಯ ಹೊಂಡಗಳ ಗಂಟು ಕರಗಿಸಲು ಹತ್ತು ವರ್ಷ ಕೊಟ್ಟಿತು. ಜೊತೆಗೊಂದು ಕಿಂಡಿಯನ್ನೂ ಬಿಟ್ಟಿತು. ಹೊಂಡ ಗಟ್ಟಿಯಾಗಿ ಕೂತು, ಮೇಲೆ ಸಸಿ ನೆಟ್ಟು ಹಸಿರಾಗಿಸಿದರೆ ಆ ಬೂದಿಯನ್ನು ತೆಗೆಯಬೇಕಿಲ್ಲ. ಸಾಲಗಾರನ ತಲೆ ಮೇಲೊಂದು ಬೇವಿನ ಸಸಿ ನೆಟ್ಟರೆ ಸಾಲ ತೀರಿತು ಅನ್ನುವ ಬ್ಯಾಂಕು ನಮ್ಮ ಕಡೆ ಎಲ್ಲೂ ಇಲ್ಲ, ಇದ್ದರೆ ತಿಳಿಸಿ. ತಮ್ಮೊಡಲಲ್ಲಿರುವ ಆರ್ಸೆನಿಕ್, ಪಾದರಸ, ಸೀಸಗಳಿಗೆ ಈ ಸಸಿಯ ವಿಷಯ ಯಾರು ತಿಳಿಸುತ್ತಾರೋ ಗೊತ್ತಿಲ್ಲ.

ನಗು ಇಲ್ಲಿಗೆ ಸಾಕು. 2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯಲ್ಲಿ ಇಂಥದ್ದೇ ಹೊಂಡದ ಕಟ್ಟೆ ಒಡೆಯಿತು. ಸಂಪನ್ಮೂಲದ ಕೆಸರಿನಲ್ಲಿ ಜನ ಕೊಚ್ಚಿಹೋದರು, ಮಕ್ಕಳೂ ಸೇರಿ.

ಆದ್ದರಿಂದ ಸಾಹೇಬರೆ, ತಮ್ಮಿಂದೊಂದು ಉಪಕಾರವಾಗಬೇಕು. ತಮ್ಮ ಲೆಕ್ಕ ಬರೆಯುವ ಅಧಿಕಾರಿಗಳು ತಮ್ಮ ಮಾತನ್ನಾದರೂ ಕೇಳಬಹುದು. ಕಟ್ಟೆಗೆ ಹಾಕಿದ್ದನ್ನು ಬಳಕೆಯ ಪಟ್ಟಿಯಿಂದ ತೆಗೆಯಲಿ. ಗುಂಡಿಗೆ ಸುರಿದದ್ದನ್ನು ಗುಂಡಿಗೆ ಸುರಿದದ್ದು ಎಂದೇ ಬರೆಯಲಿ. ಒದ್ದೆ ಮಾಡುವ ಮೊದಲೇ ಒಣಬೂದಿಯನ್ನು ಪೂರ್ತಿ ಹಿಡಿದು, ಜಿಲ್ಲೆಯ ಸರ್ಕಾರಿ ಕಟ್ಟಡಗಳಿಗೆ, ಸುತ್ತಲಿನ ಇಟ್ಟಿಗೆ ಘಟಕಗಳಿಗೆ ಕೊಡಲಿ. ಶಕ್ತಿನಗರದ ಪಕ್ಕದ ದೇವಸೂಗೂರು ಕಡೆಯ ಜನರಿಗೆ ಶೇಕಡಾವಾರು ಬೇಡ. ಹೊಂಡ ಈ ವರ್ಷ ಎಷ್ಟು ಅಡಿ ತಗ್ಗಿತು ಅನ್ನುವುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿಕೊಡಿ.

ಇಂತಿ ತಮ್ಮ ಧೂಳಿನಲ್ಲಿ ಸದಾ ವಿಧೇಯ,
ಕರೆಂಟು ಬಿಲ್ ತಪ್ಪದೆ ಕಟ್ಟುವವನೊಬ್ಬ