ಸ್ವೀಟ್ ಬೇಡ, ಬದಲಿಗೇನಿದೆ?

ಅಮೆರಿಕದ ಯಾವ ಕನ್ನಡ ಕೂಟಕ್ಕೆ ಹೋದರೂ ಅಲ್ಲೊಬ್ಬರು ವಸೂಲಿ ರಾಯರು ಇದ್ದೇ ಇರುತ್ತಾರೆ. ರಾಯರೇ ಆಗಬೇಕೆಂದಿಲ್ಲ, ಗೌಡರು, ಶೆಟ್ಟರು, ಪಾಟೀಲರು ಯಾರಾದರೂ ಆದೀತು. ಗುರುತು ಹಿಡಿಯುವುದು ಸುಲಭ. ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು, "ನನಗೆ ಹೋಳಿಗೆ ಬೇಡಪ್ಪಾ, ಅದರ ಬದಲು ಎರಡು ಆಂಬೊಡೆ ಹಾಕು" ಎನ್ನುವವರು ಅವರೇ. ಬಡಿಸುವ ಹುಡುಗ "ಹೋಳಿಗೆನೂ ಹಾಕಿಸ್ಕೊಳ್ಳಿ ಅಂಕಲ್, ಆಂಬೊಡೆನೂ ಹಾಕ್ತೀನಿ" ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಬದಲಿಯಾಗಿ ಪಡೆದದ್ದಕ್ಕಿರುವ ರುಚಿ ಸುಮ್ಮನೆ ಸಿಕ್ಕಿದ್ದಕ್ಕೆ ಎಲ್ಲಿಂದ ಬರಬೇಕು?

ನನಗೆ ಪರಿಚಯವಿರುವ ವಸೂಲಿ ರಾಯರು ಮೈಸೂರಿನವರು, ಇರುವುದು ನ್ಯೂಜೆರ್ಸಿಯಲ್ಲಿ. ಸಾಫ್ಟ್‌ವೇರಿನಲ್ಲಿ ಒಳ್ಳೆಯ ಕೆಲಸ, ಸ್ವಂತ ಮನೆ, ಎರಡು ಕಾರು. ಅವರನ್ನು ಜಿಪುಣರೆಂದರೆ ಅನ್ಯಾಯವಾದೀತು. ಜಿಪುಣ ಗಂಟನ್ನೇ ಬಿಚ್ಚುವುದಿಲ್ಲ. ರಾಯರು ಧಾರಾಳವಾಗಿ ಬಿಚ್ಚುತ್ತಾರೆ, ಆಮೇಲೆ ಹೋದ ಒಂದೊಂದು ಡಾಲರನ್ನೂ ಅಟ್ಟಿಸಿಕೊಂಡು ಹೋಗುತ್ತಾರೆ. ಅದರಲ್ಲೂ ಮುಂಗಡ ಕಟ್ಟಿದ ದುಡ್ಡು ಎಂದರೆ ಮುಗಿಯಿತು. ವರ್ಷದ ಚಂದಾ ಕಟ್ಟಿ ಜಿಮ್ ಸೇರಿದಾಗ ಮಂಡಿನೋವು ಬಂತು. ಆದರೂ ತಪ್ಪದೆ ಹೋಗಿ, ಅಲ್ಲಿ ಬಿಸಿನೀರಿನ ಸ್ನಾನವನ್ನಾದರೂ ಮಾಡಿಕೊಂಡು ಬರುತ್ತಿದ್ದರು.

ಇಂಥವರ ಕೈಗೆ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಊಟದ ಪ್ಲಾನ್ ಸಿಕ್ಕರೆ ಏನಾಗಬೇಡ! ಅಲ್ಲಿನ ರೆಸಾರ್ಟುಗಳಲ್ಲಿ ಕೋಣೆ ಹಿಡಿದವರು ಊಟದ ದುಡ್ಡನ್ನೂ ಮೊದಲೇ ಕಟ್ಟಿಬಿಡಬಹುದು. 2020ರಲ್ಲಿ ಕೋವಿಡ್ ಬಂದು ನಿಂತುಹೋಗಿದ್ದ ಈ ಏರ್ಪಾಡು 2024ರ ಜನವರಿ 9ಕ್ಕೆ ಮತ್ತೆ ಶುರುವಾಯಿತು. ಆ ವರ್ಷದ ದರ ದೊಡ್ಡವರಿಗೆ ರಾತ್ರಿಯೊಂದಕ್ಕೆ 94.28 ಡಾಲರ್. ಅದಕ್ಕೆ ಕುಳಿತು ತಿನ್ನುವ ಊಟ ಒಂದು, ಕೌಂಟರಿನಲ್ಲಿ ತಂದು ತಿನ್ನುವ ಊಟ ಒಂದು, ಸ್ನ್ಯಾಕ್ ಒಂದು. ಜೊತೆಗೆ ರೆಸಾರ್ಟಿನೊಳಗೆ ಕಾಫಿಯನ್ನೋ ಕೋಕನ್ನೋ ಮತ್ತೆ ಮತ್ತೆ ತುಂಬಿಸಿಕೊಳ್ಳಲು ತಲೆಗೊಂದು ಮಗ್. ಎಲ್ಲವೂ ಕ್ರೆಡಿಟ್ಟಿನ ಲೆಕ್ಕ. ಕೈಪಟ್ಟಿ ಮುಟ್ಟಿಸಿದರೆ ಒಂದು ಕ್ರೆಡಿಟ್ ಕಳೆಯುತ್ತದೆ, ರಸೀದಿಯಲ್ಲಿ ಬಾಕಿ ಎಷ್ಟೆಂದು ಅಚ್ಚಾಗುತ್ತದೆ. ಕೋಣೆ ಬಿಡುವ ದಿನದ ಮಧ್ಯರಾತ್ರಿಗೆ ಉಳಿದದ್ದೆಲ್ಲ ಗಂಗಾಪಾಲು.

ಒಂದು ಕೋಣೆಯಲ್ಲಿರುವವರೆಲ್ಲ, ಮೂರು ವರ್ಷದೊಳಗಿನ ಕೂಸುಗಳನ್ನು ಬಿಟ್ಟು, ಪ್ಲಾನ್ ಕೊಳ್ಳಲೇಬೇಕು. ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಎನ್ನುವ ಹಾಗಿಲ್ಲ. ರಾಯರ ಕೋಣೆಯಲ್ಲಿದ್ದವರು ನಾಲ್ವರು: ರಾಯರು, ಅವರ ಹೆಂಡತಿ, ಮಗಳು, ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದ ಅಮ್ಮ. ಇಲ್ಲೇ ರಾಯರಿಗೆ ಎರಡು ಪೆಟ್ಟು ಬಿದ್ದವು. ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಆ ವರ್ಷ 29.69 ಡಾಲರ್ ಇತ್ತು, ಹತ್ತು ತುಂಬಿದರೆ ದೊಡ್ಡವರ ದರ. ಪ್ರವಾಸ ಏಪ್ರಿಲ್‌ನಲ್ಲಿ, ಮಗಳಿಗೆ ಹತ್ತು ತುಂಬಿದ್ದು ಮಾರ್ಚ್‌ನಲ್ಲಿ. ಕೇಕ್ ಕತ್ತರಿಸುವಾಗ ಅಪ್ಪನ ಕಣ್ಣಲ್ಲಿ ನೀರು ಕಂಡು, ಮಗಳು ಬೆಳೆದುಬಿಟ್ಟಳೆಂಬ ಸಂತೋಷಕ್ಕೆ ಎಂದು ಬಂದವರೆಲ್ಲ ತಿಳಿದರಂತೆ. ಇನ್ನೊಂದು ಪೆಟ್ಟು ಅಮ್ಮ. ಆಕೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವವರಲ್ಲ, ಏಕಾದಶಿ ಬಿಡುವವರಲ್ಲ, ಹೊರಗೆ ಹೋದರೆ ಕುಡಿಯುವುದು ಬಿಸಿನೀರು. ಆ ಬಿಸಿನೀರಿಗೂ ರಾತ್ರಿಗೆ 94.28.

ನಾಲ್ಕು ಜನ, ಐದು ರಾತ್ರಿ, 1,885 ಡಾಲರ್ 60 ಸೆಂಟ್. ರಾಯರು ಎಕ್ಸೆಲ್ ಹಾಳೆ ತೆರೆದರು.

ಈ ಪ್ಲಾನಿನ ಗುಟ್ಟು ಏನೆಂದರೆ, ಇದು ಹೇಳಿ ಮಾಡಿಸಿದ್ದು ದೊಡ್ಡ ಸ್ಟೇಕ್ ತರಿಸಿ, ಪಕ್ಕದಲ್ಲೊಂದು ಕಾಕ್‌ಟೇಲ್ ಇಟ್ಟುಕೊಳ್ಳುವವರಿಗೆ. 21 ದಾಟಿದವರು ಪಾನೀಯದ ಲೆಕ್ಕದಲ್ಲಿ ಬಿಯರನ್ನೋ ವೈನನ್ನೋ ತೆಗೆದುಕೊಳ್ಳಲು 2018ರಿಂದ ಅವಕಾಶವಿದೆ. ತರಕಾರಿ ಪಾಸ್ತಾ ತಿಂದು ನೀರು ಕುಡಿಯುವ ಕುಟುಂಬಕ್ಕೆ ಇದು ದಂಡವೆಂದು ರಾಯರ ಹೆಂಡತಿಗೆ ಮೊದಲೇ ಗೊತ್ತಿತ್ತು. "ಅಲ್ಲಲ್ಲೇ ದುಡ್ಡು ಕೊಟ್ಟು ತಿಂದರೆ ಆಗಲ್ವೇನ್ರೀ?" ಎಂದು ಕೇಳಿಯೂ ಇದ್ದರು. ರಾಯರಿಗೂ ಗೊತ್ತಿತ್ತು. ಆದರೆ ಅಲ್ಲಲ್ಲೇ ಕೊಟ್ಟು ತಿನ್ನುವುದರಲ್ಲಿ ವಸೂಲಿ ಮಾಡುವುದಕ್ಕೆ ಏನು ಉಳಿಯಿತು? ರಾಯರು ಮೆನುವನ್ನು ಬಲಗಡೆಯಿಂದ ಓದುತ್ತಾರೆ. ಯಾವುದಕ್ಕೆ ಬೆಲೆ ಹೆಚ್ಚೋ ಅವತ್ತು ಅದೇ ಅವರಿಗೆ ಇಷ್ಟ. ಮಗಳು ಮಿಕ್ಕಿ ಐಸ್‌ಕ್ರೀಮ್ ಬಾರ್ ಕೇಳಿದಳು. ಅದಕ್ಕಿಂತ ಒಂದು ಡಾಲರ್ ಹೆಚ್ಚಿನ ಇನ್ನೇನೋ ಅದೇ ಸ್ನ್ಯಾಕಿಗೆ ಸಿಗುತ್ತಿತ್ತು, ಅದನ್ನೇ ಕೊಡಿಸಿದರು. ಅದೇನೆಂದು ಮಗಳಿಗೆ ಈಗಲೂ ತಿಳಿಯದು.

ಇನ್ನು ಅದಲು ಬದಲಿನ ವಿಚಾರ. ಕುಳಿತು ತಿನ್ನುವ ಊಟವೆಂದರೆ ಒಂದು ಮುಖ್ಯ ತಿನಿಸು, ಒಂದು ಪಾನೀಯ, ಒಂದು ಡೆಸರ್ಟ್. ಡೆಸರ್ಟ್ ಬೇಡವಾದರೆ ಅದರ ಬದಲು ಸೈಡ್ ಸಲಾಡನ್ನೋ ಒಂದು ಕಪ್ ಸೂಪನ್ನೋ ಹಣ್ಣಿನ ತಟ್ಟೆಯನ್ನೋ ಪಡೆಯಬಹುದು. ಸಾಮಾನ್ಯರು ಇದನ್ನು ಓದಿ ಮುಂದೆ ಹೋಗುತ್ತಾರೆ. ಮಧುಮೇಹ ಇರುವವರಿಗೆ ಅನುಕೂಲ, ಅಷ್ಟೇ. ಈ ಒಂದು ಸಾಲು ಓದಿ ರಾಯರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಪಂಚಾಂಗ ತೆಗೆದರು. ಪ್ರವಾಸದ ನಡುವೆ ಏಕಾದಶಿ ಬಿದ್ದಿತ್ತು.

ಅವರ ಲೆಕ್ಕ ಹೀಗೆ. ಕ್ರೆಡಿಟ್ಟುಗಳು ಕೋಣೆಯವರಿಗೆಲ್ಲ ಒಟ್ಟಿಗೆ, ಯಾರು ಬೇಕಾದರೂ ಬಳಸಬಹುದು. ಏಕಾದಶಿಯ ದಿನ ಅಮ್ಮನ ಹೆಸರಿನಲ್ಲಿ ಊಟ ತರಿಸುವುದೇ ಬೇಡ. ಉಳಿದ ಮೂವರ ಡೆಸರ್ಟ್ ಬಿಟ್ಟುಕೊಟ್ಟರೆ ಮೂರು ತಟ್ಟೆ ಹಣ್ಣು. ಅಮ್ಮನ ಫಲಾಹಾರ ಆಯಿತು, ಅಮ್ಮನ ಕ್ರೆಡಿಟ್ಟೂ ಉಳಿಯಿತು. ಧರ್ಮ ಅರ್ಥ ಎರಡೂ ಒಂದೇ ಮೇಜಿನ ಮೇಲೆ!

ಡಿಸ್ನಿಯ ಎಪ್ಕಾಟ್ ಉದ್ಯಾನದ ಒಂದು ರೆಸ್ಟೋರೆಂಟಿನಲ್ಲಿ ಈ ಪ್ರಯೋಗ ನಡೆಯಿತು. ಕಲ್ಲಂಗಡಿ, ಅನಾನಸ್, ದ್ರಾಕ್ಷಿ, ಸ್ಟ್ರಾಬೆರಿ ಜೋಡಿಸಿದ ಮೂರು ತಟ್ಟೆಗಳು ಬಂದವು. ರಾಯರು ಮೂರನ್ನೂ ಅಮ್ಮನ ಮುಂದೆ ಸರಿಸಿ, ನೈವೇದ್ಯ ಇಟ್ಟವರಂತೆ ಹಿಂದಕ್ಕೆ ಒರಗಿದರು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಯಾವ ಚಾಕೂಲಿ ಹೆಚ್ಚಿದಾರೋ?"

"ಹಣ್ಣಿಗೆ ಬೇರೆ ಚಾಕು ಇರತ್ತಮ್ಮ."

"ನೀನು ಒಳಗೆ ಹೋಗಿ ನೋಡಿದೀಯಾ?"

ರಾಯರು ನೋಡಿರಲಿಲ್ಲ. ಅಮ್ಮ ಕೈಚೀಲದಿಂದ ಒಂದು ಬಾಳೆಹಣ್ಣು ತೆಗೆದು, ಕೃಷ್ಣಾರ್ಪಣ ಎಂದು ಸಿಪ್ಪೆ ಬಿಡಿಸಿದರು. ಪಕ್ಕದ ಮೇಜಿಗೆ ಚಾಕೊಲೇಟ್ ಕೇಕ್ ಬಂತು. ಅದನ್ನೇ ನೋಡುತ್ತ ಮಗಳು ಅನಾನಸ್ ಚೂರೊಂದನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತಿದ್ದಳು. ಮೂರು ತಟ್ಟೆ ಹಣ್ಣನ್ನೂ ಮುಗಿಸಿದವರು ಕೊನೆಗೆ ರಾಯರೇ. ಮಾರನೆಯ ಬೆಳಿಗ್ಗೆ ಅವರ ಹೊಟ್ಟೆ ಕೂಡ ಏಕಾದಶಿ ಆಚರಿಸಿತಂತೆ.

ಡಿಸ್ನಿಯ ಉದ್ಯಾನಗಳೊಳಕ್ಕೆ ಮನೆಯ ತಿಂಡಿ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಪಾತ್ರೆ ಕೂಡದು, ಅಷ್ಟೇ. ಹೀಗಾಗಿ ಅಮ್ಮನ ಚೀಲದಲ್ಲಿ ಗೊಜ್ಜವಲಕ್ಕಿ, ಚಟ್ನಿಪುಡಿ ಸವರಿದ ಚಪಾತಿ, ಕೋಡುಬಳೆ ಎಲ್ಲ ಇದ್ದವು. ಮ್ಯಾಜಿಕ್ ಕಿಂಗ್‌ಡಮ್‌ನ ಬೆಂಚಿನ ಮೇಲೆ ಕುಳಿತು ಅತ್ತೆ ಸೊಸೆ ಗೊಜ್ಜವಲಕ್ಕಿ ತಿನ್ನುತ್ತಿದ್ದರೆ ರಾಯರಿಗೆ ಹೊಟ್ಟೆಯೊಳಗೆ ಬೆಂಕಿ. "ಆ ಡಬ್ಬಿ ತೊಂಬತ್ತನಾಲ್ಕು ಡಾಲರಿಂದು ಕಣೇ!" ಎನ್ನುವರು. ಸೊಸೆ ಇನ್ನೊಂದು ಚಮಚ ಹಾಕಿಕೊಳ್ಳುವರು. (ಈ ಮನೆಯಲ್ಲಿ ಅತ್ತೆ ಸೊಸೆಗೆ ಜಗಳವಿಲ್ಲ, ಇಬ್ಬರಿಗೂ ರಾಯರಿದ್ದಾರೆ.)

ಟಿಪ್ಸ್ ಪ್ಲಾನಿನಲ್ಲಿ ಸೇರಿಲ್ಲ. ರಾಯರ ವಾದ: ಕೊಡಬೇಕಾದ ಬಿಲ್ಲು ಸೊನ್ನೆ, ಸೊನ್ನೆಗೆ ಶೇಕಡಾ ಹದಿನೆಂಟು ಹಾಕಿದರೂ ಸೊನ್ನೆ. ಅವರು ಕೈ ತೊಳೆಯಲು ಎದ್ದಾಗ ಹೆಂಡತಿ ತಟ್ಟೆಯ ಕೆಳಗೆ ನೋಟು ಸಿಕ್ಕಿಸಿ ಬರುತ್ತಿದ್ದರು. ಸಿಕ್ಕಿಬಿದ್ದ ದಿನ ರಾಯರು ಇತಿಹಾಸ ತೆಗೆದರು: 2005ರಲ್ಲಿ ಈ ಪ್ಲಾನ್ ಶುರುವಾದಾಗ ಸ್ಟಾರ್ಟರೂ ಇತ್ತು, ಟಿಪ್ಸೂ ಅದರಲ್ಲೇ ಸೇರಿತ್ತು, 2008ಕ್ಕೆ ಎರಡನ್ನೂ ಕಿತ್ತರು. ನಮ್ಮ ಹಿರಿಯರು ನಾಲ್ಕಾಣೆ ಮಸಾಲೆ ದೋಸೆಯ ಕಾಲವನ್ನು ನೆನೆಯುವ ಹಾಗೆ ರಾಯರು 2007ನ್ನು ನೆನೆಯುತ್ತಾರೆ. 2007ರಲ್ಲಿ ಅವರು ಡಿಸ್ನಿಗೆ ಹೋಗಿರಲಿಲ್ಲ, ಅದು ಬೇರೆ ಮಾತು.

ಕೊನೆಯ ದಿನ ಹಾಳೆಯಲ್ಲಿ ಆರು ಊಟ ಉಳಿದಿದ್ದವು, ಬಾಯಿಗಳು ನಾಲ್ಕೇ. ಮಧ್ಯಾಹ್ನ ಅನಿಮಲ್ ಕಿಂಗ್‌ಡಮ್ ಲಾಜಿನ ಸನಾ ಎಂಬ ರೆಸ್ಟೋರೆಂಟಿಗೆ ಹೋದರು. ಆಫ್ರಿಕದ ಅಡುಗೆಗೆ ಭಾರತದ ಮಸಾಲೆ ಬೆರೆಸುವ ಜಾಗ ಅದು. ದೊಡ್ಡ ಕಿಟಕಿಯಾಚೆ ಹುಲ್ಲುಗಾವಲು, ಅದರಲ್ಲಿ ನಿಜವಾದ ಜಿರಾಫೆ, ಜೀಬ್ರಾ. ಅಲ್ಲಿ ಹೆಸರುವಾಸಿಯಾದದ್ದು ಬ್ರೆಡ್ ಸರ್ವಿಸ್: ನಾನ್, ಕುಲ್ಚಾ, ಪರಾಠ ಎಂದು ಐದು ಬಗೆ ರೊಟ್ಟಿ, ನಂಚಿಕೊಳ್ಳಲು ರಾಯಿತ, ಮಾವಿನ ಚಟ್ನಿ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ ಎಂದು ಒಂಬತ್ತು. ರಾಯರ ನ್ಯೂಜೆರ್ಸಿಯಲ್ಲೇ, ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಹೆಜ್ಜೆಗೊಂದು ನಾನ್ ಅಂಗಡಿ ಇರುವಾಗ ಅದನ್ನು ತಿನ್ನಲು ಫ್ಲಾರಿಡಾದ ತನಕ ಬರಬೇಕೇ ಎಂದು ನೀವು ಕೇಳಬಹುದು. ಐದು ದಿನ ಪಾಸ್ತಾ ತಿಂದವರು ಕೇಳುವುದಿಲ್ಲ. ನಾಲ್ವರಿಗೂ ಬೇಕಾಗಿದ್ದದ್ದು ಅದೊಂದೇ. ಅದು ಸ್ಟಾರ್ಟರ್ ಪಟ್ಟಿಯಲ್ಲಿತ್ತು. ಸ್ಟಾರ್ಟರ್ ಪ್ಲಾನಿನಲ್ಲಿಲ್ಲ.

ರಾಯರು ಸೆಟೆದು ಕೂತರು. ಆರು ಊಟ ತರಿಸುತ್ತೇನೆ, ಆರು ಡೆಸರ್ಟೂ ಬಿಟ್ಟುಕೊಡುತ್ತೇನೆ, ಬದಲಿಗೆ ಒಂದೇ ಒಂದು ಬ್ರೆಡ್ ಸರ್ವಿಸ್ ಕೊಡಿ ಎಂದು ಬಡಿಸುವ ಹುಡುಗಿಯ ಮುಂದೆ ಪ್ರಸ್ತಾಪ ಇಟ್ಟರು. ಅವಳು ನಗುನಗುತ್ತಲೇ ಸೂಪ್, ಸಲಾಡ್, ಹಣ್ಣು ಎಂದಳು. ನಾಲ್ಕು ಪಾನೀಯವನ್ನೂ ಸೇರಿಸಿದರೆ? ಸೂಪ್, ಸಲಾಡ್, ಹಣ್ಣು. ಜಿರಾಫೆಯೊಂದು ಕಿಟಕಿಯ ಹತ್ತಿರಕ್ಕೇ ಬಂದು ಕತ್ತು ಚಾಚಿತು. ಮಗಳು "ಅಪ್ಪಾ, ಅಪ್ಪಾ" ಎಂದು ತೋಳು ಜಗ್ಗಿದಳು. ರಾಯರಿಗೆ ಅದರ ಕಡೆ ನೋಡಲು ಪುರಸೊತ್ತಿರಲಿಲ್ಲ, ಬೆರಳ ಮೇಲೆ ಲೆಕ್ಕ ನಡೆಯುತ್ತಿತ್ತು. ಅಷ್ಟರಲ್ಲಿ ಅವರ ಹೆಂಡತಿ ಪರ್ಸಿನಿಂದ ತಮ್ಮ ಕಾರ್ಡು ತೆಗೆದು ಹುಡುಗಿಯ ಕೈಗಿತ್ತು, "ಎರಡು ಬ್ರೆಡ್ ಸರ್ವಿಸ್" ಎಂದರು.

ಬೆಳ್ಳುಳ್ಳಿ ಇಲ್ಲದ್ದು ಯಾವುದೆಂದು ಕೇಳಿ ಕೇಳಿ ಆರಿಸಿಕೊಂಡು, ಐದು ದಿನದಲ್ಲಿ ಮೊದಲ ಸಲ ಅಮ್ಮ ಹೊಟ್ಟೆ ತುಂಬ ಉಂಡರು. ಇವತ್ತು ಏಕಾದಶಿಯಲ್ಲವಲ್ಲ ಎಂದು ಚಾಕುವಿನ ವಿಚಾರಣೆಯನ್ನೂ ಕೈಬಿಟ್ಟರು. "ಮೊದಲನೇ ದಿನವೇ ಇಲ್ಲಿಗೆ ಕರ್ಕೊಂಡು ಬರಬಾರದಿತ್ತೇನೋ?" ಎಂದು ಮಗನನ್ನು ಕೇಳಿದರು. ಮಗ ಕುಲ್ಚಾದ ನಾಲ್ಕನೆಯ ತುಂಡಿಗೆ ಕೈಹಾಕಿದ್ದರು. ಹಾಳೆಯಲ್ಲಿ ಇದನ್ನು ಯಾವ ಕಾಲಮ್ಮಿಗೆ ಬರೆಯುವುದೆಂದು ಅವರಿಗೆ ಇಂದಿಗೂ ತೋಚಿಲ್ಲ.

ಮುಂದಿನ ವರ್ಷ ಹೆಂಡತಿ ಹಠ ಹಿಡಿದು ಹಡಗಿನ ಪ್ರವಾಸ ಬುಕ್ ಮಾಡಿಸಿದರು. ಅಲ್ಲಿ ಊಟ, ತಿಂಡಿ, ಐಸ್‌ಕ್ರೀಮ್ ಎಲ್ಲ ಟಿಕೆಟ್ಟಿನಲ್ಲೇ, ಎಷ್ಟು ಸಲ ಬೇಕಾದರೂ. ಮೊದಲ ರಾತ್ರಿ ರಾಯರು ಡೆಸರ್ಟ್ ಬೇಡ, ಅದರ ಬದಲು ಸೂಪ್ ಕೊಡಿ ಎಂದರು. ಸೂಪೂ ಬಂತು, ಡೆಸರ್ಟೂ ಬಂತು. ಎರಡನೆಯ ದಿನ ಒಂದೇ ಊಟ ಸಾಕೆಂದರು. ಯಾರೂ ಬಾಕಿ ಬರೆದುಕೊಳ್ಳಲಿಲ್ಲ. ಮನುಷ್ಯ ಮಂಕಾಗಿಬಿಟ್ಟರಂತೆ. ಡೆಕ್ಕಿನ ಮೇಲೆ ಸಮುದ್ರ ನೋಡುತ್ತ ಕೂರುವರು, ಕರೆದರೆ ಹೂಂ ಎನ್ನುವರು. ಹೆಂಡತಿಗೆ ಗಾಬರಿಯಾಗಿ ಹಡಗಿನ ಡಾಕ್ಟರಿಗೆ ತೋರಿಸೋಣ ಎಂದುಕೊಂಡರು. ಮೂರನೆಯ ದಿನ ವೈಫೈಗೆ ಪ್ರತ್ಯೇಕ ದುಡ್ಡು, ಒಂದು ಪ್ಯಾಕೇಜಿಗೆ ಒಂದೇ ಫೋನ್ ಎಂದು ಗೊತ್ತಾಯಿತು. ರಾಯರು ಎದ್ದು ಶರ್ಟು ಸರಿಮಾಡಿಕೊಂಡು ಕೌಂಟರಿಗೆ ಹೋಗಿ, ಬೆಳಿಗ್ಗೆ ತನ್ನ ಫೋನು, ಮಧ್ಯಾಹ್ನ ಹೆಂಡತಿಯದು, ರಾತ್ರಿ ಮಗಳ ಟ್ಯಾಬು ಎಂದು ಬದಲಾಯಿಸಿಕೊಳ್ಳಬಹುದೇ, ಬದಲಾಯಿಸಿಕೊಂಡರೆ ದಿನಕ್ಕೆ ಎಷ್ಟು ಸಲ ಎಂದು ವಿಚಾರಿಸತೊಡಗಿದರು.